ಜುಲೇಖಮ್ಮ ನನ್ನ ಎಡಗೈ ಒತ್ತಿದ ಮಧ್ಯಾಹ್ನ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ದೇವರನ್ನು ನಂಬುತ್ತೇನೆ, ಅದು ಬೇರೆ. ಬೆಳಿಗ್ಗೆ ಸ್ನಾನವಾಗಿ ಲಿಂಗಪೂಜೆ ಮುಗಿಯದೆ ಒಂದು ತೊಟ್ಟು ಕಾಫಿ ಕುಡಿದವಳಲ್ಲ. ಆದರೆ ಹಲ್ಲಿ ಲೊಚಗುಟ್ಟಿತು, ಬೆಕ್ಕು ಅಡ್ಡ ಬಂತು, ಯಾರದೋ ಮೈಮೇಲೆ ಬಂದು ಹೀಗೆ ಹೇಳಿತು ಅಂದರೆ ನನಗೆ ನಗು ಬರುತ್ತಿತ್ತು. ನಮ್ಮ ಬೀದಿಯಲ್ಲಿ ಯಾರಾದರೂ ಅಂಥ ಕಥೆ ಶುರು ಮಾಡಿದರೆ "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಎದ್ದು ಬಂದುಬಿಡುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವೂ ಹಾಲಿನ ನೆಪ ಹೇಳಿ ಎದ್ದರೆ ನನಗೇನೂ ಬೇಸರವಿಲ್ಲ.

ನಮ್ಮ ಮನೆ ಗುಬ್ಬಿಯಲ್ಲಿ. ಯಜಮಾನರು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ, ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಾರೆ. ಮಗಳು ಕಾವ್ಯ ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ. ನನ್ನ ತವರು ಕುಣಿಗಲ್ಲು. ತಂಗಿ ಶಾಂತಾಳನ್ನು ಅದೇ ಊರಿಗೆ ಕೊಟ್ಟಿದ್ದೇವೆ. ಇಷ್ಟೇ ನಮ್ಮ ಸಂಸಾರ.

ನನಗೊಂದು ಅಭ್ಯಾಸವಿದೆ, ಅಮ್ಮ ಕಲಿಸಿದ್ದು. ಮಧ್ಯಾಹ್ನ ಊಟವಾಗಿ ಅಡುಗೆಮನೆ ಒರೆಸಿದ ಮೇಲೆ ಗೋಡೆಗೊರಗಿ ಕೂತು, ಎಡಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಇಡುತ್ತ, ಸ್ವಾಮಿ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು. ನಲ್ಲಿಯಲ್ಲಿ ನೀರು ಬಂತು, ಒಂದು. ಕಾವ್ಯಳಿಗೆ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು, ಎರಡು. ಇವರ ಸ್ಕೂಟರು ಹೆದ್ದಾರಿಯಲ್ಲಿ ಕೆಟ್ಟು ನಿಲ್ಲಲಿಲ್ಲ, ಮೂರು. ಜಪಕ್ಕೆ ಬಲಗೈ, ಇದಕ್ಕೆ ಎಡಗೈ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಅವು ತುಂಬದ ದಿನಗಳು ನನಗೆ ಕಡಿಮೆ.

ಮೂರು ವರ್ಷದ ಹಿಂದೆ ನನಗೆ ಹೊಟ್ಟೆನೋವು ಶುರುವಾಗಿ, ನೋಡನೋಡುತ್ತ ರಕ್ತ ಹೋಗತೊಡಗಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಕರುಳಿನಲ್ಲಿ ಗಂಟು ಬೆಳೆದಿತ್ತು, ತೆಗೆದುಹಾಕಿದ್ದಾರೆ ಎಂದು ಇವರು ಹೇಳಿದರು. ಶಾಂತಾಳೂ ಹೇಳಿದಳು, ಕಾವ್ಯಳೂ ಹೇಳಿದಳು. ಮತ್ತೆ ಗಂಟು ಬರದ ಹಾಗೆ ಆರು ತಿಂಗಳು ಮಾತ್ರೆ ನುಂಗಬೇಕು ಎಂದರು, ನುಂಗಿದೆ.

ಆ ಮಾತ್ರೆ ಶುರುವಾದ ಮೇಲೆ ನನ್ನ ಅಂಗೈ, ಅಂಗಾಲು ಕೆಂಪಗಾಗಿ ಸಿಪ್ಪೆ ಏಳಲು ಹಿಡಿಯಿತು. ಬಟ್ಟೆ ಒಗೆಯುವ ಪುಡಿ ಬದಲಾಯಿಸು ಎಂದರು ಇವರು, ಬದಲಾಯಿಸಿದೆ. ರೇಷನ್ ಅಂಗಡಿಗೆ ಹೋದರೆ ಮೆಷೀನು ನನ್ನ ಹೆಬ್ಬೆಟ್ಟನ್ನು ಗುರುತೇ ಹಿಡಿಯಲಿಲ್ಲ. ಒರೆಸಿ ಇಟ್ಟೆ, ಒದ್ದೆ ಮಾಡಿ ಇಟ್ಟೆ, ಹತ್ತೂ ಬೆರಳು ಇಟ್ಟೆ. ಅಂಗಡಿಯವನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ "ಏನಕ್ಕಾ, ಪಾತ್ರೆ ಉಜ್ಜೀ ಉಜ್ಜೀ ಬೆರಳಲ್ಲಿರೋ ಗೆರೆನೂ ಉಜ್ಜಾಕ್ಬುಟ್ಯಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಇವರ ಫೋನಿಗೆ ನಂಬರು ಬರಿಸಿ ಅಕ್ಕಿ ಕೊಟ್ಟ. ಅವತ್ತಿನ ಲೆಕ್ಕದಲ್ಲಿ ಅದೂ ಒಂದು ಉಪಕಾರವೆಂದು ಎಣಿಸಿದ್ದೆ. ಮಾತ್ರೆ ಮುಗಿದ ಮೇಲೆ ಚರ್ಮ ತಾನಾಗಿ ಸರಿಹೋಯಿತು. ಪುಡಿ ಬದಲಾಯಿಸಿದ್ದು ಒಳ್ಳೆಯದಾಯಿತು ಎಂದುಕೊಂಡೆ.

ಆಮೇಲೆ ನಾವೆಲ್ಲ ಯಡಿಯೂರಿಗೆ ಹೋದೆವು. ಇವರು, ಕಾವ್ಯ, ಶಾಂತಾ, ನಾನು. ಅಭಿಷೇಕ ಮಾಡಿಸಿ, ಸಿದ್ಧಲಿಂಗೇಶ್ವರ ಸ್ವಾಮಿಯ ಮುಂದೆ ನಿಂತು ನಾನು ಬಾಯಿಬಿಟ್ಟೇ ಹೇಳಿದೆ: "ಸ್ವಾಮಿ, ಬರೀ ಗಂಟಲ್ಲಿ ಮುಗಿಸ್ದೆ. ಅಮ್ಮನ್ನ ತಗೊಂಡು ಹೋದ ಕಾಯಿಲೆನ ನಂಗೆ ಕೊಡಲಿಲ್ಲ. ಇಷ್ಟು ಸಾಕು." ಅಮ್ಮ ಹೋದದ್ದು ಗರ್ಭಕೋಶದ ಕ್ಯಾನ್ಸರಿನಿಂದ. ನಾನು ಹಾಗೆ ಹೇಳುವಾಗ ಇವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಕ್ತಿಯಿಂದ ಎಂದುಕೊಂಡೆ.

ಹೋದ ವರ್ಷ ಆಷಾಢದಲ್ಲಿ ನನ್ನ ಎಡಗೈ ಹೆಬ್ಬೆರಳು ಬಾತುಕೊಂಡಿತು. ತುದಿ ಕೆಂಪಗೆ, ಬಿಸಿಯಾಗಿ, ಒಳಗೆ ಯಾರೋ ಸುತ್ತಿಗೆಯಲ್ಲಿ ಕುಟ್ಟಿದಂತೆ ನೋವು. ಉಗುರುಸುತ್ತು ಎಂದು ನೋಡಿದವರೆಲ್ಲ ಹೇಳಿದರು. ಉಗುರುಸುತ್ತಿಗೆ ಏನು ಮಾಡುತ್ತಾರೆ ನಿಮಗೆ ಗೊತ್ತೇ ಇದೆ. ನಿಂಬೆಹಣ್ಣಿಗೆ ತೂತು ಮಾಡಿ, ಒಂದಿಷ್ಟು ಉಪ್ಪು ಅರಿಸಿನ ತುಂಬಿ, ಬೆರಳಿಗೆ ಸಿಕ್ಕಿಸಿಕೊಂಡೆ. ದಿನಕ್ಕೊಂದು ಹಣ್ಣು. ಕಡಿಮೆಯಾಗಲಿಲ್ಲ. ಊರಿನ ಡಾಕ್ಟರ ಹತ್ತಿರ ಹೋದರೆ ಅವರು ಸರಿಯಾಗಿಯೇ ಕೇಳಿದರು: "ಮುಂಚೆ ಏನಾದ್ರೂ ದೊಡ್ಡ ಕಾಯಿಲೆ ಆಗಿತ್ತಾಮ್ಮ?" "ಇಲ್ಲ ಸಾರ್, ಕರುಳಲ್ಲಿ ಒಂದು ಗಂಟಿತ್ತು, ತೆಗೆಸಿದೀವಿ" ಎಂದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿದರು, ಇರಲಿಲ್ಲ. ಮಾತ್ರೆ ಕೊಟ್ಟರು. ಎರಡು ವಾರ ಬಿಟ್ಟು ಬೆರಳು ಕೊಯ್ದರು. ಕೀವು ಬರಲಿಲ್ಲ, ಬರೀ ರಕ್ತ ಬಂತು. ಅವರೂ ಸ್ವಲ್ಪ ಹೊತ್ತು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, ಇನ್ನಷ್ಟು ಮಾತ್ರೆ ಬರೆದುಕೊಟ್ಟರು. ಇವರಿಗೆ ಅಷ್ಟರಲ್ಲಿ ಆಡಿಟ್ಟು. ಬೆರಳು ನೋಡಿ "ನಿಂಬೆಹಣ್ಣು ಬಿಡ್ಬೇಡ, ಹಾಕ್ತಿರು" ಎಂದರು, ಅಷ್ಟೇ.

ಹೀಗೆ ಆರು ವಾರ ಕಳೆದು ಗೌರಿ ಹಬ್ಬದ ಹಿಂದಿನ ವಾರ ಜುಲೇಖಮ್ಮ ಬಂದಳು.

ಜುಲೇಖಮ್ಮ ಬಳೆಯವಳು. ನಾನು ಮದುವೆಯಾಗಿ ಗುಬ್ಬಿಗೆ ಬಂದ ವರ್ಷದಿಂದ ನನ್ನ ಕೈಗೆ ಗಾಜಿನ ಬಳೆ ತೊಡಿಸಿದವಳು ಆಕೆಯೊಬ್ಬಳೇ. ಅಂಗಡಿಯಲ್ಲಿ ಈಗಿನ ಹುಡುಗಿಯರು ಸೋಪು ಸವರಿ ತಾವೇ ಏರಿಸಿಕೊಳ್ಳುತ್ತಾರೆ. ಜುಲೇಖಮ್ಮ ಹಾಗಲ್ಲ. ಮೊದಲು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಹಿಟ್ಟು ನಾದುವಂತೆ ಒತ್ತುತ್ತಾಳೆ. ಮೂಳೆ ಮೂಳೆ ಹುಡುಕಿ ಒತ್ತಿ, ಕೈ ಮೆತ್ತಗಾದ ಮೇಲೆ ಬಳೆ ಜಾರಿಸುತ್ತಾಳೆ. ಒಂದೂ ಹೆಚ್ಚುವುದಿಲ್ಲ. ನಮ್ಮಲ್ಲಿ ಬಳೆ ಒಡೆಯಿತು ಎನ್ನುವುದಿಲ್ಲವಲ್ಲ, ಹೆಚ್ಚಿತು ಎನ್ನುತ್ತೇವೆ. ಕೆಟ್ಟ ಮಾತನ್ನು ಬಾಯಲ್ಲಿ ತರಬಾರದು ಎಂದು ಚಿಕ್ಕಂದಿನಿಂದ ಕಲಿತವರು ನಾವು.

ಜಗಲಿಯ ಮೇಲೆ ಗೋಣಿಚೀಲ ಹಾಸಿ ಕೂತವಳೇ ನನ್ನ ಬೆರಳು ನೋಡಿ, "ಏನ್ ತಾಯಿ, ಬೆರಳಿಗೆ ಪೇಟ ಸುತ್ಕೊಂಡು ಕೂತಿದೀರಲ್ಲ, ಮದುವೆ ಗಂಡಿನಂಗೆ?" ಎಂದಳು.

"ಉಗುರುಸುತ್ತು ಕಣ್ರೀ ಜುಲೇಖಮ್ಮ. ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

"ಹೋಗ್ತದೆ ಬುಡಿ. ನನ್ನ ಮೊಣಕಾಲು ನೋವು ಬಂದು ಹತ್ತು ವರ್ಷ ಆಯ್ತು, ಅದೂ ಹೋಗ್ತದೆ ಅಂತ ಕಾಯ್ತಾ ಇದೀನಿ."

ಬಲಗೈಗೆ ಆರು ಹಸಿರು ಬಳೆ ಸಲೀಸಾಗಿ ಹೋದವು. ಆಮೇಲೆ ನಿಂಬೆಹಣ್ಣು ತೆಗೆದಿಟ್ಟು ಎಡಗೈ ಕೊಟ್ಟೆ. ಆಕೆ ಎಂದಿನಂತೆ ಕಣ್ಣು ಮುಚ್ಚಿ ಒತ್ತತೊಡಗಿದಳು. ಹೆಬ್ಬೆರಳಿನ ಬುಡಕ್ಕೆ ಆಕೆಯ ಕೈ ಬಂದಾಗ ನೋವಿಗೆ ನಾನೂ ಕಣ್ಣು ಮುಚ್ಚಿಕೊಂಡೆ. ಆಗ ಕೇಳಿಸಿತು.

"ಇದು ಉಗುರಿನದಲ್ಲ ತಾಯಿ. ನಿಮ್ಮ ಹೊಟ್ಟೆಯಿಂದ ತೆಗೆದದ್ದು ಇಲ್ಲಿ ಬಂದು ಕೂತಿದೆ."

ಜುಲೇಖಮ್ಮನ ದನಿಯೇ. ಆದರೆ ನಿಧಾನ. ಆಕೆ ಮಾತಿಗೆ ಮಾತು ಸೇರಿಸಿ ಗಡಗಡ ಮಾತಾಡುವವಳು, ಹೀಗೆ ಒಂದೊಂದೇ ಮಾತು ಬಿಡಿಸಿ ಹೇಳಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಕಣ್ಣು ಬಿಟ್ಟೆ. ಆಕೆ ನನ್ನ ಮುಖ ನೋಡುತ್ತ, "ನೋಯ್ತಾ ತಾಯಿ? ಈ ಕೈಗೆ ಈಗ ಬ್ಯಾಡ, ಬೆರಳು ವಾಸಿ ಆಗ್ಲಿ" ಎಂದು ಗಡಗಡನೆ ಅಂದು, ಉಳಿದ ಆರು ಬಳೆಯನ್ನು ಪೇಪರಿನಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟಳು. ಒಂದು ಕೈ ತುಂಬಿಸಿ ಇನ್ನೊಂದನ್ನು ಬರಿದು ಬಿಟ್ಟು ಆಕೆ ಎಂದೂ ಎದ್ದವಳಲ್ಲ. ನಾನು ಏನನ್ನೂ ಕೇಳಲಿಲ್ಲ. ನೋವಿನಲ್ಲಿ ತಲೆ ಓಡಲಿಲ್ಲ ಎನ್ನಿ.

ನಿಜ ಹೇಳುತ್ತೇನೆ, ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲೂ ಇಲ್ಲ. ಗಂಟು ಎಲ್ಲಾದರೂ ನಡೆದುಕೊಂಡು ಬೆರಳಿಗೆ ಬರುತ್ತದೆಯೇ? ಸಂಜೆ ಇವರು ಬಂದಾಗ ಟೀ ಕೊಡುತ್ತ ನಗುತ್ತಲೇ ಹೇಳಿದೆ: "ಕೇಳಿದ್ರಾ, ನಿಮ್ಮ ಬೆಂಗಳೂರು ಡಾಕ್ಟ್ರು ತೆಗೆದ ಗಂಟು ಈಗ ನನ್ನ ಹೆಬ್ಬೆರಳಿಗೆ ಬಂದು ಕೂತಿದ್ಯಂತೆ, ಬಳೆ ಜುಲೇಖಮ್ಮ ಹೇಳಿದ್ಲು."

ಇವರು ನಗಲಿಲ್ಲ. ಲೋಟ ಕೆಳಗಿಟ್ಟರು. ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದರು. ನಾನು ಒಣಗಿದ ಬಟ್ಟೆ ತೆಗೆಯಬೇಕಿತ್ತು, ಹಿಂದೆಯೇ ಹೋದೆ. ಹಗ್ಗದ ಮೇಲೆ ಹಾಸಿದ್ದ ಬೆಡ್‌ಶೀಟಿನ ಆಚೆ ಇವರು, ಈಚೆ ನಾನು.

"ಶಾಂತಾ, ನೀನೇ ತಾನೇ ಬಾಯ್ಬಿಟ್ಟಿದ್ದು? ಸುಳ್ಳು ಹೇಳ್ಬೇಡ. ನೀನು, ನಾನು, ಕಾವ್ಯ ಬಿಟ್ರೆ ಕ್ಯಾನ್ಸರ್ ವಿಷಯ ಯಾರಿಗೆ ಗೊತ್ತು? ಆ ಬಳೆಯವಳಿಗೆ ಕನಸು ಬಿತ್ತಾ?"

ಬೆಡ್‌ಶೀಟು ನನ್ನ ಕೈಯಲ್ಲೇ ಇತ್ತು. ಅದನ್ನು ಎಳೆದು ಮಡಿಸಿದೆ. ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು ನೆನಪಿದೆ. ಅಷ್ಟು ಹೊತ್ತಿಗೆ ಇವರು ನನ್ನನ್ನು ನೋಡಿ ಫೋನು ಕೆಳಗಿಳಿಸಿದರು. ಅದರಲ್ಲಿ ಶಾಂತಾ "ಭಾವಾ, ಭಾವಾ" ಅನ್ನುತ್ತಲೇ ಇದ್ದಳು.

ನಾನು ಅಳಲಿಲ್ಲ, ಕೂಗಾಡಲಿಲ್ಲ. ಒಳಗೆ ಬಂದು ಕೂತೆ. ಇವರು ಎದುರಿಗೆ ಬಂದು ನಿಂತು ಹೇಳಿದರು: "ನಿಮ್ಮಮ್ಮಂಗೆ ಹೇಳಿದ್ದಕ್ಕೆ ಏನಾಯ್ತು, ನೀನೇ ನೋಡಿದ್ಯಲ್ಲ. ಹೆಸರು ಕೇಳಿದ ದಿನದಿಂದ ಒಂದಗುಳು ಬಾಯಿಗೆ ಇಡಲಿಲ್ಲ. ಇಪ್ಪತ್ತು ದಿನಕ್ಕೆ ಹೋದ್ರು. ನಿನ್ನೂ ಹಂಗೇ ಕಳ್ಕೋಬೇಕಿತ್ತಾ ನಾನು?"

ಆ ಮಾತು ಸುಳ್ಳಲ್ಲ. ಅಮ್ಮ ಹಾಗೇ ಹೋದಳು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ.

"ಯಡಿಯೂರಲ್ಲಿ ನನ್ನ ಪಕ್ಕ ಕೈಮುಗ್ದು ನಿಂತಿದ್ರಲ್ಲ. ನಾನು ಬರೀ ಗಂಟು ಅಂತ ಸ್ವಾಮಿಗೆ ಹೇಳ್ತಿದ್ದೆ. ಆವಾಗ ನೀವು ಏನಂತ ಬೇಡ್ಕೊಂಡ್ರಿ?"

"ನೀನು ಹೇಳಿದ್ದೇ ನಿಜ ಆಗ್ಲಿ ಅಂತ" ಎಂದರು.

ಪ್ರೀತಿಯಿಂದ ಮಾಡಿದ್ದು, ನನಗೆ ಗೊತ್ತು. ಆದರೆ ಎರಡು ವರ್ಷ ನಾನು ದಿನಾ ಗೆಣ್ಣು ಮುಟ್ಟಿ ಎಣಿಸಿದ ಮೊದಲ ಉಪಕಾರ ಅದೇ ಆಗಿತ್ತು: ಆ ಕಾಯಿಲೆ ಬರಲಿಲ್ಲ, ಒಂದು. ಮನೆಯ ಮೂವರೂ ನಾನು ಎಣಿಸುವುದನ್ನು ನೋಡುತ್ತ ಸುಮ್ಮನಿದ್ದರು. ಸ್ವಾಮಿಯ ಎದುರು ನನ್ನನ್ನು ದಡ್ಡಿ ಮಾಡಿ ನಿಲ್ಲಿಸಿದ ಹಾಗಾಯಿತು. ಸಿಪ್ಪೆ ಎದ್ದ ಅಂಗೈ, ಮೆಷೀನು ಹಿಡಿಯದ ಹೆಬ್ಬೆಟ್ಟು, ಎಲ್ಲ ಆ ಕ್ಯಾನ್ಸರ್ ಮಾತ್ರೆಯ ಗುಣ ಅಂತೆ. ಅಂಗಡಿಯವನ ಜೊತೆ ನಾನೂ ನಕ್ಕಿದ್ದೆ.

ಮಾರನೇ ವಾರ ಬೆಂಗಳೂರಿನಲ್ಲಿ ಎಕ್ಸ್‌ರೇ ತೆಗೆದರು. ಹೆಬ್ಬೆರಳ ತುದಿಯ ಮೂಳೆ ಗೆದ್ದಲು ತಿಂದ ಕಡ್ಡಿಯ ಹಾಗೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕರುಳಿನದ್ದೇ ಎಂದು ಬಂತು. ಅಲ್ಲಿನ ಡಾಕ್ಟರು ಒಳ್ಳೆಯವರು. ನನಗೇ ಹೇಳಿ ಎಂದು ನಾನು ಕೇಳಿಕೊಂಡ ಮೇಲೆ ನನ್ನ ಕಡೆ ತಿರುಗಿ ಕೂತು ಹೇಳಿದರು: "ಕರುಳಿನ ಕ್ಯಾನ್ಸರ್ ಹರಡಿದ್ರೆ ಲಿವರ್‌ಗೋ ಶ್ವಾಸಕೋಶಕ್ಕೋ ಹೋಗುತ್ತಮ್ಮ. ಬೆರಳಿಗೆ ಬರೋದು ಬಹಳ ಬಹಳ ಅಪರೂಪ. ಓದಿದ್ದೆ, ನೋಡಿದ್ದು ಇದೇ ಮೊದಲು. ಎಲ್ಲರೂ ಉಗುರುಸುತ್ತು ಅಂತಲೇ ಅಂದ್ಕೋತಾರೆ. ಆದ್ರೆ ಹಳೇ ಕಾಯಿಲೆ ವಿಷಯ ನಿಮ್ಮೂರಿನ ಡಾಕ್ಟ್ರಿಗೆ ಹೇಳಿದ್ರೆ ಆವತ್ತೇ ಎಕ್ಸ್‌ರೇ ತೆಗೆಸ್ತಿದ್ರು. ಯಾಕೆ ಹೇಳ್ಲಿಲ್ಲ?"

"ನಂಗೇ ಗೊತ್ತಿರಲಿಲ್ಲ ಡಾಕ್ಟ್ರೇ" ಎಂದೆ. ಇವರು ಗೋಡೆಯ ಕಡೆ ನೋಡುತ್ತಿದ್ದರು.

ಹೆಬ್ಬೆರಳನ್ನು ಮೊದಲ ಗೆಣ್ಣಿನ ತನಕ ತೆಗೆದರು. ಶ್ವಾಸಕೋಶದಲ್ಲೂ ಎರಡು ಚುಕ್ಕೆ ಇದ್ದವು. ಅವಕ್ಕೆ ಈಗಲೂ ಇಂಜೆಕ್ಷನ್ ನಡೆದಿದೆ. ಬಲಗೈ ಅಲ್ಲ, ಎಡಗೈ. ಪೂರ್ತಿ ಬೆರಳಲ್ಲ, ಅರ್ಧ. ಪೂಜೆಗೆ ಕೂತಾಗ ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡರೆ ಜಾರುವುದಿಲ್ಲ, ಅಂಗೈ ನೆಟ್ಟಗಿದೆ. ಇವು ನಿಜವಾದ ಉಪಕಾರಗಳು, ಕಣ್ಣಿಗೆ ಕಾಣುವಂಥವು.

ಇನ್ನು ಆ ಮಾತಿನ ವಿಷಯ. ಮೂವರನ್ನೂ ಒಬ್ಬೊಬ್ಬರಾಗಿ ಕೇಳಿದೆ, ಜುಲೇಖಮ್ಮನಿಗೆ ಹೇಳಿದ್ದು ಯಾರು ಎಂದು. ಇವರು ಲಿಂಗ ಮುಟ್ಟಿ ಇಲ್ಲ ಎಂದರು. ಶಾಂತಾ "ನನ್ನ ಮಕ್ಕಳಾಣೆಗೂ ಇಲ್ಲಕ್ಕಾ" ಎಂದು ಅತ್ತಳು. ಕಾವ್ಯ ಹೇಳಿದ್ದು ಇನ್ನೂ ವಿಚಿತ್ರ: "ಅಮ್ಮಾ, ಅವ್ರು ಹಂಗೆ ಹೇಳ್ಲೇ ಇಲ್ಲ. ಅವತ್ತು ಕಾಲೇಜಿಗೆ ರಜ, ನಾನು ಬಾಗಿಲ ಹತ್ರಾನೇ ಕೂತು ಹುರುಳೀಕಾಯಿ ಬಿಡಿಸ್ತಿದ್ದೆ. ಈ ಕೈಗೆ ಈಗ ಬ್ಯಾಡ ಅಂದ್ರು ಅಷ್ಟೇ. ಕೈ ಒತ್ತೋವಾಗ ಯಾರೂ ಮಾತೇ ಆಡ್ಲಿಲ್ಲ."

ಮಗಳು ಸುಳ್ಳು ಹೇಳುತ್ತಿಲ್ಲ ಎಂದು ಅನ್ನಿಸಿತು. ಆದರೆ ಎರಡು ವರ್ಷವೂ ಹಾಗೇ ಅನ್ನಿಸಿತ್ತಲ್ಲ.

ಜುಲೇಖಮ್ಮನನ್ನೇ ಕೇಳೋಣವೆಂದರೆ ಆಕೆ ಮೊಣಕಾಲಿನಿಂದ ಓಡಾಡಲಾಗದೆ ಕುಣಿಗಲ್ಲಿನ ಮಗಳ ಮನೆ ಸೇರಿದ್ದಳು. ಹೋದ ತಿಂಗಳು ನನ್ನ ಹೊಸ ಸ್ಕ್ಯಾನಿನ ರಿಪೋರ್ಟು ಬಂತು. ಇವರು ಫೈಲು ನನ್ನ ಕೈಗೇ ಕೊಟ್ಟು, "ಚುಕ್ಕೆ ಎರಡೂ ಸಣ್ಣದಾಗಿವೆಯಂತೆ, ನೀನೇ ಓದ್ಕೋ" ಎಂದರು. ಇಂಗ್ಲಿಷು. ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಆಗುವುದಿಲ್ಲ. ಕಾವ್ಯಳೂ ಓದಿ ಅದನ್ನೇ ಹೇಳಿದಳು. ಡಾಕ್ಟರೂ ಅದನ್ನೇ ಹೇಳಿದ್ದರು, ಆದರೆ ಮೊದಲು ಇವರ ಜೊತೆ ಎರಡು ಮಾತು ಇಂಗ್ಲಿಷಿನಲ್ಲಿ ಆಡಿ, ಆಮೇಲೆ ನನ್ನ ಕಡೆ ತಿರುಗಿದ್ದರು. ಮಾರನೇ ದಿನ ದೇವರ ಮನೆಯಲ್ಲಿ ಇಟ್ಟಿದ್ದ ಆ ಆರು ಬಳೆಯ ಪೊಟ್ಟಣ ತೆಗೆದುಕೊಂಡು ನಾನೊಬ್ಬಳೇ ಕುಣಿಗಲ್ಲಿನ ಬಸ್ಸು ಹತ್ತಿದೆ. ಶಾಂತಾಳ ಮನೆಯ ಮುಂದೆಯೇ ಹಾದುಹೋದೆ, ಒಳಗೆ ಹೋಗಲಿಲ್ಲ. ಹಾಗೆ ಮಾಡಿದ್ದು ಅದೇ ಮೊದಲು.

ಜುಲೇಖಮ್ಮ ನನ್ನ ಬೆರಳು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ನಡೆದದ್ದನ್ನೆಲ್ಲ ಹೇಳಿ, "ನಿಮಗೆ ಹೆಂಗೆ ಗೊತ್ತಾಯ್ತು?" ಎಂದೆ.

"ನಾನೆಲ್ಲಿ ಹೇಳ್ದೆ ತಾಯಿ? ನಿಮ್ಮ ಹೊಟ್ಟೆ ಆಪ್ರೇಷನ್ ಆಗಿದ್ದೂ ನಂಗೆ ಗೊತ್ತಿಲ್ಲ. ಕೈ ಬಿಸಿ ಇತ್ತು, ಬ್ಯಾಡ ಅಂದೆ. ಅಲ್ಲಾನ ಮೇಲಾಣೆ, ಅಷ್ಟೇ ಹೇಳಿದ್ದು."

ಆ ಮುದುಕಿಗೆ ನನಗೆ ಸುಳ್ಳು ಹೇಳಿ ಆಗಬೇಕಾದ್ದೇನು? ಹಾಗಾದರೆ ನಾನು ಕೇಳಿದ್ದು ಯಾರ ದನಿ? ನನ್ನೊಳಗೇ ಎಲ್ಲೋ ಗೊತ್ತಿದ್ದು, ಅದೇ ಹಾಗೆ ಮಾತಾಡಿತೋ? ನನಗೆ ಗೊತ್ತಿರಲಿಲ್ಲ, ಅದಂತೂ ಸತ್ಯ. ಸ್ವಾಮಿಯೇ ಹೇಳಿಸಿದ ಎಂದರೆ ಶಾಂತಾಳಿಗೆ ಸಮಾಧಾನವಾಗುತ್ತದೆ, ನನಗಾಗುವುದಿಲ್ಲ. ಅಷ್ಟು ಗೊತ್ತಿದ್ದ ಸ್ವಾಮಿ ಯಡಿಯೂರಿನಲ್ಲಿ ಯಾಕೆ ಸುಮ್ಮನಿದ್ದ?

ಪೊಟ್ಟಣ ಬಿಚ್ಚಿ ಎಡಗೈ ಚಾಚಿದೆ. ಜುಲೇಖಮ್ಮ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಈ ಸಲ ನಾನು ಮುಚ್ಚಲಿಲ್ಲ. ಆಕೆ ಮೂಳೆ ಮೂಳೆ ಹುಡುಕಿ ಒತ್ತುವಷ್ಟು ಹೊತ್ತೂ ಆಕೆಯ ತುಟಿಯನ್ನೇ ನೋಡುತ್ತ ಕೂತೆ. ತುಟಿ ಅಲುಗಲಿಲ್ಲ. ಏನೂ ಕೇಳಿಸಲಿಲ್ಲ. ಆರೂ ಬಳೆ ಹೋದವು.

"ಏನಾದ್ರೂ ಗೊತ್ತಾಯ್ತಾ ಜುಲೇಖಮ್ಮ?"

"ಸೈಜು ಗೊತ್ತಾಯ್ತು. ಕೈ ಇಳ್ದೋಗಿದೆ, ಚೆನ್ನಾಗಿ ಉಣ್ಣಿ" ಎಂದು ನನ್ನ ಬೆರಳುಗಳನ್ನು ಮಡಿಸಿ ಮುಷ್ಟಿ ಮಾಡಿ ತಟ್ಟಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಡಗೈಯಲ್ಲಿ ಈಗ ಎಣಿಸಲು ಬರುವುದಿಲ್ಲ, ಮೊಂಡು ಬೆರಳು ಗೆಣ್ಣಿಗೆ ಎಟಕುವುದಿಲ್ಲ. ಬಲಗೈಯಲ್ಲಿ ಶುರು ಮಾಡಿದೆ. ಸೀಟು ಸಿಕ್ಕಿತು, ಒಂದು. ಬಳೆ ಒಂದೂ ಹೆಚ್ಚಲಿಲ್ಲ, ಎರಡು. ಮೂರನೆಯ ಗೆಣ್ಣಿಗೆ ಹೆಬ್ಬೆರಳು ಇಟ್ಟೆ. ಚುಕ್ಕೆ ಎರಡೂ ಸಣ್ಣದಾಗಿವೆ ಎಂದು ಎಣಿಸಲೋ ಬೇಡವೋ ತಿಳಿಯಲಿಲ್ಲ. ತುಮಕೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಗುಬ್ಬಿ ಬಂದು ಕಂಡಕ್ಟರು ಕೂಗಿದಾಗಲೂ ಬೆರಳು ಅದೇ ಗೆಣ್ಣಿನ ಮೇಲಿತ್ತು.